ಸದ್ದು ನಿಲ್ಲದ ಕೋಣೆ: ಸಬೈನ್ ಸೂತ್ರದ ಒಂದು ಮನೆಲೆಕ್ಕ

ತರೀಕೆರೆ, ಅಜ್ಜಂಪುರ, ಕಡೂರಿನ ಕಡೆ ಹೆಂಚಿನ ಮನೆ ತೆಗೆದು ಆರ್‌ಸಿಸಿ ಮನೆ ಕಟ್ಟಿಸಿದ ಮೇಲೆ ಕೇಳಿಬರುವ ಒಂದು ದೂರು: ಹೊಸ ಹಾಲ್‌ನಲ್ಲಿ ರೇಡಿಯೊ ಗುಂಯ್ ಎನ್ನುತ್ತದೆ. ದೋಷ ಬಹುಮಟ್ಟಿಗೆ ರೇಡಿಯೊದ್ದಲ್ಲ, ಕೋಣೆಯದು. ಹೆಂಚಿನ ಸಂದುಗಳಿಂದ ಶಬ್ದ ಹೊರಗೆ ಹೋಗುತ್ತಿತ್ತು. ಗಾರೆ, ಟೈಲ್ಸ್, ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಕಳಿಸುತ್ತವೆ. ಮೂಲ ನಿಂತ ಮೇಲೂ ಕೋಣೆಯಲ್ಲಿ ಸುತ್ತುವ ಸದ್ದೇ ಅನುರಣನ. ಅದು 60 ಡೆಸಿಬೆಲ್ ಇಳಿಯಲು ಬೇಕಾದ ಸಮಯ ಅನುರಣನ ಕಾಲ.

ಇದನ್ನು ಮೊದಲು ಲೆಕ್ಕಕ್ಕೆ ತಂದವರು ಹಾರ್ವರ್ಡ್‌ನ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಒಂದು ಮಾತು ಸುಮಾರು ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಕುರ್ಚಿ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಆರ್ಗನ್ ಕೊಳವೆ ಊದಿ, ಸದ್ದು ಅಡಗುವವರೆಗೆ ಅವರು ಸಮಯ ಅಳೆದರು. ದಿಂಬು ಹೆಚ್ಚಿದಂತೆ ಕಾಲ ಇಳಿಯಿತು. ಸಿಕ್ಕ ಸೂತ್ರ:

ಕಾಲ = 0.161 × ಗಾತ್ರ ÷ ಒಟ್ಟು ಹೀರಿಕೆ

ತೆರೆದ ಕಿಟಕಿಯ ಒಂದು ಚದರ ಮೀಟರ್ ಒಂದು ಹೀರಿಕೆ. ಹೋದ ಶಬ್ದ ಮರಳಿ ಬರುವುದಿಲ್ಲವಲ್ಲ!

ತರೀಕೆರೆಯ ನಮ್ಮ ಹಾಲ್ 5 ಮೀ. ಉದ್ದ, 4 ಮೀ. ಅಗಲ, 3 ಮೀ. ಎತ್ತರ. ಗಾತ್ರ 60 ಘನ ಮೀಟರ್, ಒಳಮೈ 94 ಚದರ ಮೀಟರ್. ಬರಿಯ ಗೋಡೆ ನೆಲಕ್ಕೆ ಗುಣಾಂಕ 0.03 ಹಿಡಿದರೆ ಹೀರಿಕೆ 2.8, ಕಾಲ 3.4 ಸೆಕೆಂಡ್. ಮಾತಿಗೆ ಅರ್ಧ ಸೆಕೆಂಡಿನ ಆಸುಪಾಸು ಹಿತ. ಕಿವಿ ಮಂದವಾಗಿರುವ ನಮ್ಮ ಅಜ್ಜಿಗೆ ಭದ್ರಾವತಿ ಆಕಾಶವಾಣಿಯ ಸದ್ದು ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ವಾಲ್ಯೂಮ್ ಏರಿಸಿ ಫಲವಿಲ್ಲ. ಮಾತಿನ ಜೊತೆ ಅದರ ಬಾಲವೂ ಅಷ್ಟೇ ಏರುತ್ತದೆ. ಅಜ್ಜಿ ಕೊನೆಗೆ ರೇಡಿಯೊ ಹಾಕುವುದನ್ನೇ ಬಿಟ್ಟಿದ್ದರು.

ಎರಡು ಕಿಟಕಿ ತೆರೆದರೆ (3 ಚ.ಮೀ.) ಕಾಲ 1.7ಕ್ಕೆ ಇಳಿಯುತ್ತದೆ, ಖರ್ಚಿಲ್ಲ. ರೇಡಿಯೊದ ಎದುರು ಗೋಡೆಗೆ, ಗೋಡೆಯಿಂದ ಒಂದು ಗೇಣು ಬಿಟ್ಟು, ನೆರಿಗೆ ಹಿಡಿದು 6 ಚ.ಮೀ. ಕಂಬಳಿ ತೂಗುಹಾಕಿದೆವು, ಹೀರಿಕೆ ಸುಮಾರು 3. ಹತ್ತಿಯ ಹಾಸಿಗೆಯೊಂದನ್ನು ನಿಲ್ಲಿಸಿದ್ದು ಒಂದೂವರೆ, ಕುಳಿತ ಇಬ್ಬರು ಒಂದು. ಈಗ ಲೆಕ್ಕ 0.9 ಸೆಕೆಂಡಿಗಿಂತ ಕಡಿಮೆ. ಕಂಬಳಿಯನ್ನು ಗೋಡೆಗೆ ಅಂಟಿಸಿದರೆ ಇಷ್ಟು ಸಿಗದು: ಗಾಳಿಯ ಕಣಗಳ ಚಲನೆ ಗೋಡೆಯ ಬುಡದಲ್ಲಿ ಬಹುತೇಕ ಸೊನ್ನೆ, ದೂರ ಸರಿದಂತೆ ಹೆಚ್ಚು, ಚಲನೆ ಇದ್ದಲ್ಲಿ ಮಾತ್ರ ಉಣ್ಣೆಯ ಘರ್ಷಣೆಗೆ ಕೆಲಸ. ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ. ತೆಳು ರಟ್ಟು ಹೀರುವುದು ಅಲ್ಪ, ಧೂಳು ಮಾತ್ರ ಧಾರಾಳ.

ರೇಡಿಯೊವನ್ನು ಮೂಲೆಯಿಂದ ತಂದು ಅಜ್ಜಿಯ ಪಕ್ಕದ ಸ್ಟೂಲ್ ಮೇಲಿಟ್ಟದ್ದೇ ಹೆಚ್ಚು ಉಪಕಾರವಾಯಿತೆಂದು ನನ್ನ ಅಭಿಪ್ರಾಯ. ದೂರ ಅರ್ಧವಾದರೆ ನೇರ ಶಬ್ದ 6 ಡೆಸಿಬೆಲ್ ಏರುತ್ತದೆ, ಅನುರಣನ ಏರುವುದಿಲ್ಲ. ಈಗ ವಾರ್ತೆ ಮುಗಿದ ಮೇಲೆ ಸುದ್ದಿಯನ್ನು ಅವರೇ ನಮಗೆ ಹೇಳುತ್ತಾರೆ.

ಗುಂಯ್ ಎನ್ನುವ ತಗ್ಗು ಸ್ವರ ಮಾತ್ರ ಕಂಬಳಿಗೆ ಬಗ್ಗದು. ಪ್ರಥಮ ಪಿಯುಸಿಯ ಸ್ಥಾಯಿ ತರಂಗ ನೆನೆಯಿರಿ: 5 ಮೀ. ಗೋಡೆಗಳ ನಡುವೆ 340 ÷ 10, ಅಂದರೆ 34 ಹರ್ಟ್ಸ್, ಮತ್ತು ಅದರ ಗುಣಕಗಳು. ಚೌಕ ಕೋಣೆಯಲ್ಲಿ ಉದ್ದ ಅಗಲ ಎರಡರ ಸ್ವರಗಳೂ ಒಂದೇ ಆಗಿ ಇನ್ನೂ ಗುಂಯ್.

ನಿಮ್ಮ ತರಗತಿಯನ್ನೂ ಟೇಪಿನಲ್ಲಿ ಅಳೆದು, ಖಾಲಿ ಇದ್ದಾಗ ಎಷ್ಟು, ಅರವತ್ತು ಜನ ಕುಳಿತಾಗ ಎಷ್ಟು ಎಂದು ಲೆಕ್ಕ ಹಾಕಿ, ಒಬ್ಬರಿಗೆ 0.5 ಹೀರಿಕೆ ಹಿಡಿಯಬಹುದು.