ಅಪರೂಪದ ಕ್ರೋಟನ್ ತಳಿಗಳನ್ನು ಗುರುತಿಸುವ ಬಗೆ



ಕೊಳಕೂರ, ಜೇವರ್ಗಿ, ಅಫಜಲಪುರ, ಆಳಂದ ಕಡೆಯ ಮನೆಯಂಗಳಗಳಲ್ಲಿ ಕ್ರೋಟನ್ ಗಿಡ ಹೊಸದೇನಲ್ಲ. ಬಾವಿಯ ಪಕ್ಕದ ತುಂಡು ನೆಲದಲ್ಲಿ ಸಣ್ಣ ಸಸಿತೋಟ ಮಾಡಿ ಉಪ ಆದಾಯ ಪಡೆಯಬೇಕೆನ್ನುವವರಿಗೆ ಇದು ಅನುಕೂಲವಾದ ಗಿಡ. ಆದರೆ ಎಲೆ ಹಳದಿಯಾದ ಕೂಡಲೆ ಅದನ್ನು ಹೊಸ ತಳಿಯೆಂದು ತಿಳಿಯಬಾರದು. ಹಸಿದ ಗಿಡವನ್ನು ಅಪರೂಪದ್ದೆಂದು ಕೊಂಡರೆ ಹಣ ಹೋಗುತ್ತದೆ. ಮಾರಿದರೆ ಮಾತು ಹೋಗುತ್ತದೆ.

ಹೆಸರಿನ ಗೊಂದಲ

ನಾವು ಅಂಗಳದಲ್ಲಿ ಹಚ್ಚುವ ಕ್ರೋಟನ್‌ನ ಸಸ್ಯಶಾಸ್ತ್ರೀಯ ಹೆಸರು ಕೋಡಿಯಮ್ ವೇರಿಗೇಟಮ್. 1753 ರಲ್ಲಿ ಲಿನೇಯಸ್ ಇದನ್ನು ಕ್ರೋಟನ್ ಕುಲಕ್ಕೆ ಸೇರಿಸಿದ್ದರಿಂದ ಹಳೆಯ ಹೆಸರೇ ಬಳಕೆಯಲ್ಲಿ ಉಳಿದಿದೆ. ನಿಜವಾದ ಕ್ರೋಟನ್ ಕುಲದಲ್ಲಿ ಭೇದಿ ಮಾಡಿಸುವ ಜಾಪಾಳ ಮೊದಲಾದ ಬೇರೆ ಗಿಡಗಳಿವೆ. ಆದ್ದರಿಂದ ಹೆಸರನ್ನಷ್ಟೇ ಕೇಳಿ ಬೀಜ ತರಿಸಬೇಡಿರಿ.

ಎಲೆಯ ಆಕಾರ ಮೊದಲು, ಬಣ್ಣ ಅನಂತರ

ಬಣ್ಣವು ಎಲೆಯ ವಯಸ್ಸು ಹಾಗೂ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಆಕಾರ ಅಷ್ಟು ಬೇಗ ಬದಲಾಗದು. ಪೆಟ್ರಾ ತಳಿಯ ಎಲೆ ಅಗಲ, ನರಗಳು ಹಳದಿ ಮತ್ತು ಕೆಂಪು. ಗೋಲ್ಡ್ ಡಸ್ಟ್ ತಳಿಯದು ಸಣ್ಣ ಹಸಿರೆಲೆ, ಮೇಲೆ ಹಳದಿ ಚುಕ್ಕೆ. ಝಾಂಜಿಬಾರ್ ಎಲೆ ಹುಲ್ಲಿನಂತೆ ಕಿರಿದು, ಉದ್ದ. ಮ್ಯಾಮಿ ತಳಿಯ ಎಲೆ ತಿರುಚಿಕೊಂಡಿರುತ್ತದೆ. ಎಲೆಯ ನಡುವೆ ನರವೊಂದೇ ಉಳಿದು, ತುದಿಯಲ್ಲಿ ಮತ್ತೊಂದು ಸಣ್ಣ ಎಲೆ ತೂಗುವ ಬಗೆಯೂ ಉಂಟು. ಇಂಥ ಗಿಡ ಕಂಡರೆ ಅವಶ್ಯವಾಗಿ ನಿಂತು ನೋಡಿರಿ.

ಮೂರು ಪರೀಕ್ಷೆಗಳು

1. ಬೆಳಕು: ನೆರಳಿನಲ್ಲಿ ಬಣ್ಣ ಮಾಸಿ ಹಸಿರು ಹೆಚ್ಚುತ್ತದೆ. ಅನುಮಾನದ ಗಿಡವನ್ನೂ ಪರಿಚಿತ ತಳಿಯನ್ನೂ ಒಂದೇ ಬೆಳಕಿನಲ್ಲಿ ಮೂರು ತಿಂಗಳು ಬೆಳೆಸಿ, ಒಂದೇ ವಯಸ್ಸಿನ ಎಲೆಗಳನ್ನು ಹೋಲಿಸಿರಿ.

2. ಆಹಾರ: ನಮ್ಮ ಕಪ್ಪು ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಗಿಡಕ್ಕೆ ಕಬ್ಬಿಣ ದೊರೆಯದು. ಆಗ ಎಳೆಯ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಗೂ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಸಂಜೆ ಹೊತ್ತು ಒಂದು ಟೊಂಗೆಗೆ ಸಿಂಪಡಿಸಿರಿ. ಎರಡು ವಾರಗಳಲ್ಲಿ ಆ ಟೊಂಗೆ ಹಸಿರಾದರೆ ಅದು ತಳಿಯಲ್ಲ, ಹಸಿವು.

3. ಕೀಟ: ಬೇಸಿಗೆಯಲ್ಲಿ ಎಲೆಯ ಕೆಳಬದಿಯನ್ನು ನೋಡಿರಿ. ಸಣ್ಣ ಬಲೆಯೂ ಚಲಿಸುವ ಕೆಂಪು ಚುಕ್ಕೆಗಳೂ ಇದ್ದರೆ, ಮೇಲಿನ ಹಳದಿ ಚುಕ್ಕೆಗಳು ಕೆಂಪು ನುಸಿಯ ಕೆಲಸ.

ಎಲ್ಲಿ ಹುಡುಕಬೇಕು?

ಹೊಸತು ಹುಟ್ಟುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಬೀಜ. ಕ್ರೋಟನ್‌ನಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಗೊಂಚಲುಗಳಲ್ಲಿರುತ್ತವೆ. ಬೀಜದ ಸಸಿ ತಾಯಿಯನ್ನು ಹೋಲಬೇಕೆಂದಿಲ್ಲ. ಶಾಲೆ, ಗುಡಿ, ಹಳೆಯ ಬಂಗಲೆಗಳ ಬೇಲಿಗಳಲ್ಲಿ ಹಲವು ಬಗೆಗಳು ಕೂಡಿ ಬೆಳೆದಿದ್ದರೆ ಕೆಳಗೆ ಬಿದ್ದು ಹುಟ್ಟಿದ ಸಸಿಗಳನ್ನು ಪರೀಕ್ಷಿಸಿರಿ. ಎರಡನೆಯದು ಮೊಗ್ಗಿನ ಮಾರ್ಪಾಡು: ಒಂದೇ ಗಿಡದ ಒಂದು ಟೊಂಗೆ ಮಾತ್ರ ಬೇರೆ ಆಕಾರ ಅಥವಾ ಬಣ್ಣ ತೋರುತ್ತದೆ. ಹೋಲಿಕೆಗೆ ಬೆಂಗಳೂರಿನ ಲಾಲ್‌ಬಾಗ್ ಹಾಗೂ ದೊಡ್ಡ ಸಸಿತೋಟಗಳನ್ನು ನೋಡಿಬರುವುದು ಒಳ್ಳೇದು. ಪರರ ಗಿಡವಾದರೆ ಒಡೆಯರನ್ನು ಕೇಳಿಯೇ ಟೊಂಗೆ ತೆಗೆಯಿರಿ.

ಉಳಿಸಿಕೊಳ್ಳುವ ಕ್ರಮ

ಮಳೆಗಾಲದಲ್ಲಿ, ಬಲಿತ ಟೊಂಗೆಯ ಸುತ್ತ 2 ಸೆಂ.ಮೀ. ಅಗಲದ ತೊಗಟೆ ತೆಗೆದು, ಒದ್ದೆ ಪಾಚಿ ಇಟ್ಟು ಪಾಲಿಥೀನ್ ಹಾಳೆಯಿಂದ ಬಿಗಿದು ಕಟ್ಟಿರಿ. ಬೇರು ತುಂಬಿದ ಮೇಲೆ ಕತ್ತರಿಸಿ, ಗೊಬ್ಬರ ಮತ್ತು ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ಅರೆನೆರಳಿಗಿಡಿರಿ. ಇದರ ಹಾಲು ಚರ್ಮಕ್ಕೆ ತುರಿಕೆ ತರಬಹುದು. ಕೈ ತೊಳೆಯಿರಿ, ಮಕ್ಕಳನ್ನೂ ದನಗಳನ್ನೂ ದೂರವಿಡಿರಿ.

ಹೀಗೆ ಬಂದ ಗಿಡದಿಂದ ಮತ್ತೊಮ್ಮೆ ಸಸಿ ಮಾಡಿರಿ. ಎರಡನೆಯ ಸಾರಿಯೂ ಅದೇ ಗುಣ ಉಳಿದರೆ ಮಾತ್ರ ಅದನ್ನು ಬೇರೆ ಬಗೆಯೆಂದು ನಂಬಬಹುದು. ತಂದ ಊರು, ತಾರೀಖು, ತಾಯಿಗಿಡ ಇವನ್ನು ಬರೆದು ಚೀಟಿ ಕಟ್ಟಿರಿ. ಗೊತ್ತಿಲ್ಲದ ಗಿಡಕ್ಕೆ ದೊಡ್ಡ ಹೆಸರಿಡುವುದಕ್ಕಿಂತ "ಹೆಸರು ತಿಳಿಯದು" ಎಂದು ಬರೆದು ಮಾರುವುದೇ ಮೇಲು. ಗಿರಾಕಿ ಮತ್ತೆ ನಿಮ್ಮಲ್ಲಿಗೇ ಬರುತ್ತಾನೆ.