ಓಡಿದರೂ ತೂಕ ಏರುತ್ತಿದೆಯೇ? ಊಟ ಬಿಡುವ ಮೊದಲು ಇದನ್ನು ಓದಿ

ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುವ ಈ ಓಟಕ್ಕೆ ಮಳೆಗಾಲದಲ್ಲೇ ತಯಾರಿ ಆರಂಭವಾಗುತ್ತದೆ. ಶಿವಾಜಿ ಪಾರ್ಕ್, ಮರೀನ್ ಡ್ರೈವ್, ಪವೈ ಕೆರೆಯ ದಂಡೆ, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಎಲ್ಲಿ ಹೋದರೂ ಬೆಳಗಿನ ಜಾವ ಓಡುವವರು ಕಾಣಸಿಗುತ್ತಾರೆ. ತಿಂಗಳು, ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಅನೇಕರ ಮುಖ ಬಾಡುತ್ತದೆ. "ವಾರಕ್ಕೆ ಮೂವತ್ತು ಕಿಲೋಮೀಟರ್ ಓಡ್ತಾ ಇದ್ದೀನಿ, ತೂಕ ನೋಡಿದ್ರೆ ಎರಡು ಕಿಲೋ ಜಾಸ್ತಿ ಆಗಿದೆ!"

ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಊಟಕ್ಕೆ ಕತ್ತರಿ ಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಏರಿದ ತೂಕ ನೀರಿನದೋ, ಊಟದ್ದೋ, ಕಾಯಿಲೆಯದೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಿ. ಕ್ರಮ ಹೀಗಿದೆ.

1. ಒಂದು ದಿನದ ಅಂಕಿ ನಂಬಬೇಡಿ

ವಾರದಲ್ಲಿ ಮೂರು ದಿನ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಒಂದೇ ಯಂತ್ರದ ಮೇಲೆ ತೂಕ ನೋಡಿ. ಮೂರರ ಸರಾಸರಿ ಬರೆದಿಡಿ. ವಾರಕ್ಕೊಮ್ಮೆ ಹೊಕ್ಕುಳಿನ ಮಟ್ಟದಲ್ಲಿ ಟೇಪು ಹಿಡಿದು ಹೊಟ್ಟೆಯ ಸುತ್ತಳತೆಯನ್ನೂ ಬರೆಯಿರಿ.

ನನ್ನ ಮೊದಲ ಹಾಫ್ ಮ್ಯಾರಥಾನ್ ತಯಾರಿಯ ಐದನೇ ವಾರದ ಪುಟ ಈಗಲೂ ನನ್ನಲ್ಲಿದೆ. ಶನಿವಾರ 68.2 ಕಿಲೋ. ಭಾನುವಾರ 16 ಕಿ.ಮೀ. ಓಟ. ಸೋಮವಾರ 69.6. ಗುರುವಾರ 68.3. ಸೋಮವಾರದ ಅಂಕಿ ನೋಡಿ ಗಾಬರಿಯಾಗಿ ಅಂದು ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಸರಿಯಾಗಿ ಉಣ್ಣಲಿಲ್ಲ. ಮಂಗಳವಾರ ಆರು ಕಿಲೋಮೀಟರ್ ಓಡಲೂ ಕಾಲು ಏಳಲಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಎರಡೇ ದಿನದಲ್ಲಿ 1.4 ಕಿಲೋ ಕೊಬ್ಬು ಬೆಳೆಯಬೇಕಾದರೆ ಖರ್ಚಾದದ್ದಕ್ಕಿಂತ ಹತ್ತು ಸಾವಿರ ಕ್ಯಾಲರಿ ಹೆಚ್ಚು ತಿನ್ನಬೇಕಿತ್ತು. ನಾನು ತಿಂದಿರಲಿಲ್ಲ. ಏರಿದ್ದು ನೀರು.

2. ನೀರಿನ ತೂಕ ಅರ್ಥ ಮಾಡಿಕೊಳ್ಳಿ

ದೂರದ ಓಟಕ್ಕೆ ಪಳಗುವ ಸ್ನಾಯು ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಹೆಚ್ಚು ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ದಣಿದ ಸ್ನಾಯು ರಿಪೇರಿಯಾಗುವಾಗ ಅಲ್ಲಿ ಒಂದಿಷ್ಟು ಬಾವು ಬಂದು ನೀರು ನಿಲ್ಲುತ್ತದೆ. ಸೆಖೆಗೆ ಒಗ್ಗಿಕೊಳ್ಳುವ ದೇಹದಲ್ಲಿ ರಕ್ತದ ದ್ರವಾಂಶವೂ ಹೆಚ್ಚುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಇದಕ್ಕೆ ಇನ್ನೊಂದಿಷ್ಟು ಸೇರುತ್ತದೆ. ಎಲ್ಲ ಕೂಡಿ ಒಂದೆರಡು ಕಿಲೋ ಏರಿದರೆ ಆಶ್ಚರ್ಯವಿಲ್ಲ. ತೂಕ ಏರಿಯೂ ಸುತ್ತಳತೆ ಹಾಗೇ ಇದ್ದರೆ ಮೂರು ವಾರ ಸುಮ್ಮನಿರಿ.

"ಸ್ನಾಯು ಬೆಳೆದಿದೆ ಬಿಡಿ" ಎಂದು ಸಮಾಧಾನ ಹೇಳುವವರಿದ್ದಾರೆ. ಬರೀ ಓಟದಿಂದ ತಿಂಗಳಲ್ಲಿ ಎರಡು ಕಿಲೋ ಸ್ನಾಯು ಬೆಳೆಯುವುದಿಲ್ಲ. ಸುತ್ತಳತೆಯೂ ಏರುತ್ತಿದ್ದರೆ ಮುಂದಿನ ಹಂತಕ್ಕೆ ಬನ್ನಿ.

3. ಓಟದ ಖರ್ಚು, ತಟ್ಟೆಯ ಜಮೆ

ಓಟದ ಖರ್ಚಿಗೆ ಸುಲಭ ಸೂತ್ರವಿದೆ. ನಿಮ್ಮ ತೂಕವನ್ನು ಓಡಿದ ಕಿಲೋಮೀಟರಿನಿಂದ ಗುಣಿಸಿ. 65 ಕಿಲೋ ತೂಕದವರು 10 ಕಿ.ಮೀ. ಓಡಿದರೆ ಸುಮಾರು 650 ಕ್ಯಾಲರಿ. ಅಷ್ಟೇ.

ಈಗ ಓಟದ ನಂತರ ಮಾಟುಂಗದ ಉಡುಪಿ ಹೋಟೆಲಿನ ಮೇಜು ನೆನಪಿಸಿಕೊಳ್ಳಿ. ಬೆಣ್ಣೆ ಹಾಕಿದ ಮಸಾಲೆ ದೋಸೆ, "ಓಡಿದ್ದೀವಲ್ಲ" ಎಂದು ಇನ್ನೊಂದು, ತುಪ್ಪ ಜಿನುಗುವ ಶೀರಾ, ಕೊನೆಗೆ ಸಕ್ಕರೆ ಹಾಕಿದ ಕಾಫಿ. ಸಾವಿರ ಕ್ಯಾಲರಿ ಸಲೀಸಾಗಿ ದಾಟುತ್ತದೆ. ತಯಾರಿಯ ತಿಂಗಳುಗಳಲ್ಲೇ ಚೌತಿಯ ಮೋದಕ, ದಸರಾ, ದೀಪಾವಳಿಯ ಫರಾಳ ಎಲ್ಲವೂ ಬರುತ್ತವೆ.

ಮಾಡಬೇಕಾದದ್ದು ಇಷ್ಟು:

- ಓಟ ಮುಗಿದು ಗಂಟೆಯೊಳಗೆ ತಿನ್ನಿ. ಇಡ್ಲಿ ಸಾಂಬಾರಿನ ಜೊತೆ ಎರಡು ಮೊಟ್ಟೆ, ಅಥವಾ ಮೊಳಕೆ ಹೆಸರುಕಾಳಿನ ಉಸಲಿಗೆ ಮೊಸರು. ತಡಮಾಡಿದರೆ ಸಂಜೆ ಸ್ಟೇಷನ್ ಹೊರಗೆ ವಡಾಪಾವ್ ಕರೆಯುತ್ತದೆ.
- ಅನ್ನ, ಚಪಾತಿ ಬಿಡಬೇಡಿ. ದೂರ ಓಡುವ ದಿನ ಹೆಚ್ಚು, ವಿಶ್ರಾಂತಿಯ ದಿನ ಕೊಂಚ ಕಡಿಮೆ ಬಡಿಸಿಕೊಳ್ಳಿ. ಪ್ರತಿ ಊಟದಲ್ಲೂ ಬೇಳೆ, ಕಾಳು, ಮೊಸರು, ಮೀನು ಇವುಗಳಲ್ಲಿ ಒಂದಾದರೂ ಇರಲಿ.
- ಒಂದು ಗಂಟೆಯೊಳಗಿನ ಓಟಕ್ಕೆ ನೀರು ಸಾಕು. ಸಿಹಿ ಪಾನೀಯ, ಜೆಲ್ ಬೇಡ.

4. ಓಟದ ಮುಂಚೆ, ನಂತರ ತೂಗಿ

ಮುಂಬೈಯ ಜಿಗುಟು ಸೆಖೆಯಲ್ಲಿ ಬೆವರು ಹೆಚ್ಚು, ಹಾಗೆಂದು ನೀರನ್ನು ಮಿತಿಮೀರಿ ಕುಡಿಯುವುದೂ ಅಪಾಯ. ಲಾಂಗ್ ರನ್ ದಿನ ಹೊರಡುವ ಮುಂಚೆ ಒಮ್ಮೆ, ಬಂದು ಮೈ ಒರೆಸಿಕೊಂಡು ಒಮ್ಮೆ ತೂಕ ನೋಡಿ. ಅರ್ಧ ಕಿಲೋ, ಒಂದು ಕಿಲೋ ಇಳಿದಿರುವುದು ಸಹಜ. ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಅದರ ಬಹು ಮುಖ್ಯ ಸುಳಿವು ಓಟದ ನಡುವೆ ಏರಿದ ತೂಕವೇ ಆಗಿತ್ತು. ಈ ಕುಸಿತ ಜೀವಕ್ಕೇ ಎರವಾಗಬಲ್ಲದು. ಬಾಯಾರಿದಾಗ ಕುಡಿಯಿರಿ. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

5. ಉಳಿದ ಇಪ್ಪತ್ತಮೂರು ಗಂಟೆ

ಬೆಳಿಗ್ಗೆ ಓಡಿದವರು ಸುಸ್ತಾಗಿ ದಿನವಿಡೀ ಕೂರುತ್ತಾರೆ. ಮೊದಲು ನಡೆದೇ ಸ್ಟೇಷನ್ ತಲುಪುತ್ತಿದ್ದವರು ಶೇರ್ ರಿಕ್ಷಾ ಹತ್ತುತ್ತಾರೆ, ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿಯುತ್ತಾರೆ. ಓಟದ ಅರ್ಧ ಗಳಿಕೆ ಅಲ್ಲೇ ಸೋರಬಹುದು. ಹಳೆಯ ನಡಿಗೆ ಉಳಿಸಿಕೊಳ್ಳಿ.

ನಿದ್ದೆಯದೂ ಅದೇ ಕಥೆ. ರಾತ್ರಿ ಹನ್ನೊಂದಕ್ಕೆ ಡೊಂಬಿವಲಿ ತಲುಪಿ ಬೆಳಿಗ್ಗೆ ನಾಲ್ಕಕ್ಕೆ ಏಳುವ ದೇಹಕ್ಕೆ ಹಸಿವು ಹೆಚ್ಚು. ಅಂಥ ದಿನ ಓಟ ಬಿಟ್ಟು ಮಲಗಿದರೆ ನಷ್ಟವೇನಿಲ್ಲ.

6. ವೈದ್ಯರಲ್ಲಿಗೆ ಯಾವಾಗ?

- ಆರು ವಾರ ಇಷ್ಟೆಲ್ಲ ಪಾಲಿಸಿಯೂ ತೂಕ, ಸುತ್ತಳತೆ ಎರಡೂ ಏರುತ್ತಿದ್ದರೆ. ಜೊತೆಗೆ ಆಯಾಸ, ಮಲಬದ್ಧತೆ, ಕೂದಲು ಉದುರುವಿಕೆ ಇದ್ದರೆ. ಥೈರಾಯ್ಡ್ ಪರೀಕ್ಷೆ ಬೇಕಾಗಬಹುದು.
- ಮುಟ್ಟು ತಪ್ಪಿದರೆ. ಗರ್ಭ, ಪಿಸಿಒಎಸ್, ಊಟ ಸಾಲದಿರುವುದು, ಯಾವುದಾದರೂ ಕಾರಣವಾಗಿರಬಹುದು.
- ಸ್ಟೀರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ತೂಕ ಏರಬಹುದು. ನೀವಾಗಿಯೇ ನಿಲ್ಲಿಸದೆ, ಕೊಟ್ಟ ವೈದ್ಯರನ್ನು ಕೇಳಿ.
- ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿ ಕಾಲು ಊದಿದರೆ, ಉಸಿರು ಕಟ್ಟಿದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಓಟದ ನಂತರ ತಲೆನೋವು, ವಾಂತಿ, ಗೊಂದಲ ಕಂಡರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಕೊನೆಯ ಮಾತು ಓಟದ ವಾರದ್ದು. ಕೊನೆಯ ಎರಡು ಮೂರು ದಿನ ಅನ್ನ, ಇಡ್ಲಿ, ಬಾಳೆಹಣ್ಣು ಹೆಚ್ಚಿಸಿ ಓಟ ಕಡಿಮೆ ಮಾಡಿದಾಗ ತೂಕ ಮತ್ತೆ ಒಂದು ಕಿಲೋ ಏರಬಹುದು. ಆಗ ಯಂತ್ರವನ್ನು ಮಂಚದ ಕೆಳಗೆ ತಳ್ಳಿಬಿಡಿ. ಪೂರ್ಣ ಮ್ಯಾರಥಾನ್ ಓಡುವವರಿಗೆ ಮೂವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ಅಲ್ಲಿ ಕಾಲನ್ನು ಮೇಲಕ್ಕೆತ್ತುವುದು ಆ ಒಂದು ಕಿಲೋದಲ್ಲಿ ಕೂಡಿಟ್ಟ ಅನ್ನವೇ.