ಯಾವ ಸದ್ದಿಗೆ ಇವತ್ತೇ ದುಡ್ಡು, ಯಾವುದಕ್ಕೆ ಮುಂದಿನ ತಿಂಗಳು?

ಕಾರಿನ ಸದ್ದು ಎಷ್ಟು ಜೋರಾಗಿದೆ ಎನ್ನುವುದಕ್ಕೂ ಅದು ಕೊನೆಗೆ ಎಷ್ಟು ಖರ್ಚು ತರುತ್ತದೆ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಸೈಲೆನ್ಸರ್ ಮೇಲಿನ ತಗಡು ಸಡಿಲವಾದರೆ ಸೊಸೈಟಿಯ ಅರ್ಧ ಜನ ಕಿಟಕಿಯಿಂದ ಇಣುಕುವಷ್ಟು ಗಲಾಟೆ. ಒಂದು ಕ್ಲಿಪ್ ಬಿಗಿಸಿದರೆ ನೂರಿನ್ನೂರು ರೂಪಾಯಿಯಲ್ಲಿ ಮುಗಿಯಿತು. ಕೂಲೆಂಟ್ ಸೋರುವಾಗ ಸದ್ದೇ ಇರುವುದಿಲ್ಲ. ಸಣ್ಣಗೆ ಒಂದು ಸಿಹಿ ವಾಸನೆ, ಅಷ್ಟೇ. ಅದನ್ನು ಕಡೆಗಣಿಸಿದರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗಿ, ಮೂವತ್ತು ನಲವತ್ತು ಸಾವಿರ ಹೊಂದಿಸಬೇಕಾಗುತ್ತದೆ.

ಮುಂಬಯಿ ಸಮೀಪದ ಡೊಂಬಿವಲಿಯಂಥ ಊರಿನಲ್ಲಿ ಮನೆಸಾಲದ ಕಂತು, ಮಕ್ಕಳ ಫೀಸು, ಊರಲ್ಲಿರುವ ತಂದೆತಾಯಿಯ ಔಷಧಿ ಇಷ್ಟರ ನಡುವೆ ಕಾರು ಇಟ್ಟುಕೊಂಡವರಿಗೆ ಎಲ್ಲ ರಿಪೇರಿಯನ್ನೂ ಒಟ್ಟಿಗೆ ಮಾಡಿಸುವ ಶಕ್ತಿ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ. ಕಾರಿನ ದೋಷಗಳನ್ನು ನಾನು ಸಾಲಗಳ ಹಾಗೆ ನೋಡುತ್ತೇನೆ. ಕೆಲವು ಅಣ್ಣತಮ್ಮಂದಿರಿಂದ ತಂದ ಕೈಗಡ. ಬಡ್ಡಿಯಿಲ್ಲ, ಎರಡು ತಿಂಗಳು ತಡವಾದರೂ ಅಸಲು ಅಷ್ಟೇ. ಕೆಲವು ಕ್ರೆಡಿಟ್ ಕಾರ್ಡ್ ಬಾಕಿ. ಈ ತಿಂಗಳು ಎರಡು ಸಾವಿರ ಇದ್ದದ್ದು ನಾವು ನೋಡನೋಡುತ್ತಲೇ ಹತ್ತಾಗುತ್ತದೆ. ಯಾವುದು ಯಾವ ಜಾತಿಯದು ಎಂದು ಗುರುತಿಸುವುದು ಬಂದರೆ ವರ್ಷದ ರಿಪೇರಿ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಮುಂದೆ ಕೊಟ್ಟಿರುವ ಮೊತ್ತಗಳು ಸಾಧಾರಣ ಪೆಟ್ರೋಲ್ ಸೆಡಾನ್ ಒಂದಕ್ಕೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ನಾನು ಕೊಟ್ಟ ಅಥವಾ ಕೇಳಿ ತಿಳಿದ ದರಗಳು. ಮಾದರಿಯ ಮೇಲೆ ಹೆಚ್ಚುಕಡಿಮೆ ಆದೀತು.

ನಮ್ಮಲ್ಲಿ ಹೆಚ್ಚಿನ ದೂರು ಶುರುವಾಗುವುದು ರಸ್ತೆಯಿಂದ. ಕಲ್ಯಾಣ್–ಶಿಳ್ ರಸ್ತೆಯಲ್ಲಿ ಮೆಟ್ರೋ 12ರ ಕಾಮಗಾರಿ, ಘೋಡ್‌ಬಂದರ್ ರಸ್ತೆಯಲ್ಲಿ ಗಾಯ್‌ಮುಖ್ ಘಾಟಿನ ಹೊಂಡಗಳು, ಮುಂಬ್ರಾ ಬೈಪಾಸಿನಲ್ಲಿ ಕಂಟೇನರ್ ಲಾರಿಗಳು ಅರೆದಿಟ್ಟ ಡಾಂಬರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನ ಚಕ್ರದ ಕಡೆಯಿಂದ ‘ಲೊಟಲೊಟ’ ಕೇಳಿಸದ ಕಾರು ನಮ್ಮ ಪಾರ್ಕಿಂಗಿನಲ್ಲಿ ಅಪರೂಪ. ನನ್ನ ಕಾರಿನಲ್ಲೂ ಬಂತು. ಸಣ್ಣ ಹೊಂಡಕ್ಕೆ ಸದ್ದು, ದೊಡ್ಡ ಸ್ಪೀಡ್ ಬ್ರೇಕರ್ ಮೇಲೆ ನಿಧಾನವಾಗಿ ಎರಡೂ ಚಕ್ರ ಒಟ್ಟಿಗೆ ಹತ್ತಿಸಿದರೆ ಸದ್ದಿಲ್ಲ. ದೊಡ್ಡ ವರ್ಕ್‌ಶಾಪ್ ಒಂದರಲ್ಲಿ ಕಂಪ್ಯೂಟರ್ ಎಸ್ಟಿಮೇಟ್ ಕೊಟ್ಟರು: ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಮೌಂಟಿಂಗ್, ಲೋವರ್ ಆರ್ಮ್, ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ. ಕಾರಿನ ಕೆಳಗೆ ಯಾರೂ ಮಲಗಿ ನೋಡಿರಲಿಲ್ಲ.

ಡೊಂಬಿವಲಿ ಪೂರ್ವದ ಶೆಡ್ಡಿನಲ್ಲಿರುವ ನಮ್ಮ ಮೆಕ್ಯಾನಿಕ್ ಕಾರನ್ನು ಜಾಕ್ ಮೇಲೆ ಏರಿಸಲೇ ಇಲ್ಲ. ರಟ್ಟು ಹಾಸಿ ಚಕ್ರದ ಪಕ್ಕ ಮಲಗಿ, ಒಳಗೆ ಕೈ ಚಾಚಿ, ಲಿಂಕ್ ರಾಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, “ಅಣ್ಣಾ, ಗಾಡಿ ಹಿಲಾವೋ” ಅಂದ. ನಾನು ಬಾನೆಟ್ ಒತ್ತಿ ಒತ್ತಿ ಬಿಟ್ಟೆ. ಮೂರನೇ ಸಲಕ್ಕೆ “ಮಿಲ್ ಗಯಾ” ಅಂದು, ನನ್ನನ್ನೂ ಕೂರಿಸಿ ಅಲ್ಲೇ ಬೆರಳಿಡಿಸಿದ. ಅವನು ಕಾರು ಅಲುಗಿಸಿದಾಗಲೆಲ್ಲ ರಾಡಿನ ತುದಿಯ ಗುಂಡಿನ ಜಾಗದಲ್ಲಿ ‘ಟಕ್’ ಎಂದು ಬೆರಳಿಗೇ ತಾಗುತ್ತಿತ್ತು. ರಬ್ಬರ್ ಟೊಪ್ಪಿ ಹರಿದು, ಒಳಗಿನ ಗ್ರೀಸು ಮಣ್ಣಿನೊಂದಿಗೆ ಕಲೆತು ಕಪ್ಪು ಹಿಟ್ಟಾಗಿತ್ತು. ಎರಡೂ ಕಡೆಯ ಲಿಂಕ್ ರಾಡ್, ಕೂಲಿ ಎಲ್ಲ ಸೇರಿ ಎರಡು ಸಾವಿರದ ಚಿಲ್ಲರೆ. ಸದ್ದು ಹೋಯಿತು.

ಈ ಅನುಭವದ ಮೇಲೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ದೋಷ ಹುಡುಕಿಕೊಟ್ಟಿದ್ದಕ್ಕೆ ಬೇರೆಯಾಗಿಯೇ ದುಡ್ಡು ಕೊಡುವುದು. ಮುನ್ನೂರೋ ಐನೂರೋ, ಮೊದಲೇ ಹೇಳಿಬಿಡುತ್ತೇನೆ: ಸಾಮಾನು ಬದಲಿಸಿದರೂ ಇಷ್ಟು, ಬದಲಿಸದಿದ್ದರೂ ಇಷ್ಟು. ಹುಡುಕುವ ಕೆಲಸಕ್ಕೆ ಕೂಲಿ ಸಿಗದಿದ್ದರೆ ಪಾಪದವನಾದರೂ ಸಾಮಾನು ಮಾರಿಯೇ ಹೊಟ್ಟೆ ಹೊರೆಯಬೇಕು. ಅವನನ್ನು ಆ ಇಕ್ಕಟ್ಟಿಗೆ ನೂಕುವುದು ನಮಗೇ ನಷ್ಟ.

ಇನ್ನೊಂದು, ನಾವು ಹೇಳುವ ರೀತಿ. “ಕ್ಲಚ್ ಹೋಗಿದೆ, ನೋಡಿ” ಅಂದರೆ ಕ್ಲಚ್ಚೇ ಬಿಚ್ಚುತ್ತಾರೆ. ಸಾಮಾನಿನ ಹೆಸರು ಹೇಳದೆ ಸಂದರ್ಭ ಹೇಳಬೇಕು: ಬೆಳಿಗ್ಗೆ ತಣ್ಣಗಿದ್ದಾಗಲೋ ಕಾದ ಮೇಲೋ, ಎಷ್ಟು ವೇಗಕ್ಕೆ, ಎಡಕ್ಕೆ ತಿರುಗಿದಾಗಲೋ ಬಲಕ್ಕೋ, ಬ್ರೇಕ್ ಒತ್ತಿದಾಗ ಹೆಚ್ಚೋ ಕಡಿಮೆಯೋ, ಎ.ಸಿ. ಹಾಕಿದಾಗ ಏನಾಗುತ್ತದೆ. ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಗ್ಯಾರೇಜ್ ಬಾಗಿಲಿಗೆ ಹೋದಾಗ ಸದ್ದು ನಿಲ್ಲುವುದು ಎಲ್ಲರ ಅನುಭವ.

ವೇಗದೊಂದಿಗೆ ಏರುವ ‘ಗುಂಯ್’ ಸದ್ದನ್ನು ತಗೊಳ್ಳಿ. ಠಾಣೆ–ಬೇಲಾಪುರ ರಸ್ತೆಯಲ್ಲಿ ಐರೋಲಿ ದಾಟಿ ಸ್ವಲ್ಪ ಖಾಲಿ ಸಿಕ್ಕಾಗ ಗೇರ್ ನ್ಯೂಟ್ರಲ್ ಮಾಡಿ ನೋಡಿ. ಎಂಜಿನ್ ಸದ್ದು ಇಳಿದರೂ ‘ಗುಂಯ್’ ಹಾಗೇ ಇದ್ದರೆ ಅದು ಚಕ್ರದ್ದು. ಎಡಕ್ಕೆ ಬಳುಕುವ ತಿರುವಿನಲ್ಲಿ ಹೆಚ್ಚಾದರೆ ಭಾರ ಬೀಳುವ ಬಲ ಚಕ್ರದ ಬೇರಿಂಗ್ ಮೇಲೆ ಅನುಮಾನ. ಆದರೆ ಟೈರು ಏರುಪೇರಾಗಿ ಸವೆದರೂ ಇದೇ ಸದ್ದು. ಮುಂದಿನ ಟೈರು ಹಿಂದೆ, ಹಿಂದಿನದು ಮುಂದೆ ಹಾಕಿಸಿ. ಸದ್ದೂ ಜಾಗ ಬದಲಿಸಿದರೆ ಟೈರಿನದು, ಇಲ್ಲದಿದ್ದರೆ ಬೇರಿಂಗಿನದು. ಟೈರ್ ಅಂಗಡಿಯವನಿಗೆ ಕೊಡುವ ಚಿಲ್ಲರೆಯಲ್ಲಿ ಎರಡು ಮೂರು ಸಾವಿರದ ಪ್ರಶ್ನೆ ತೀರ್ಮಾನವಾಗುತ್ತದೆ. ಬೇರಿಂಗ್ ಅಂತ ಖಚಿತವಾದರೆ ಮಾತ್ರ ತಡಮಾಡಬೇಡಿ, ಅದು ಚಕ್ರದ ವಿಷಯ.

ಬ್ರೇಕಿನ ‘ಕೀಂಯ್’ ಇನ್ನೂ ಸ್ಪಷ್ಟ. ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಕಿರುಚಿ ಸುಮ್ಮನಾದರೆ ಡಿಸ್ಕಿನ ಮೇಲಿನ ತುಕ್ಕು, ಮರೆತುಬಿಡಿ. ದಿನವಿಡೀ ಕಿರುಚಿದರೆ ಪ್ಯಾಡ್ ಸವೆದು ಅದರೊಳಗಿನ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗುತ್ತಿದೆ. ಎರಡೂವರೆ ಸಾವಿರದೊಳಗಿನ ಕೆಲಸ. ‘ಕರಕರ’ಕ್ಕೆ ತಿರುಗಿತೋ, ಡಿಸ್ಕೂ ಸೇರಿ ಏಳೆಂಟು ಸಾವಿರ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ‘ಕಟಕಟ’ ಅನ್ನುವುದೂ ಇದೇ ಗುಂಪು. ಆಕ್ಸಲ್ ಬೂಟ್ ಹರಿದದ್ದು ಬೇಗ ಕಣ್ಣಿಗೆ ಬಿದ್ದರೆ ಬೂಟು, ಗ್ರೀಸಿನ ದುಡ್ಡು ಅಷ್ಟೇ. ಸದ್ದು ಬರುವ ಹೊತ್ತಿಗೆ ಜಾಯಿಂಟೇ ಹೋಗಿರುತ್ತದೆ. ಹಾಗಾಗಿ ಟೈರಿಗೆ ಗಾಳಿ ಹಾಕಿಸುವಾಗ ಮುಂದಿನ ಚಕ್ರದ ಒಳಗೋಡೆಯ ಮೇಲೆ ಗ್ರೀಸು ಚಿಮ್ಮಿದೆಯಾ ಎಂದು ಒಮ್ಮೆ ಬಗ್ಗಿ ನೋಡುವುದು ನನ್ನ ಅಭ್ಯಾಸ.

ವಾಸನೆಯ ವಿಷಯದಲ್ಲಿ ಡೊಂಬಿವಲಿಯವರಿಗೆ ಹೆಚ್ಚಿನವರಿಗೆ ಇಲ್ಲದ ಕಷ್ಟ ಒಂದಿದೆ. ಎಂ.ಐ.ಡಿ.ಸಿ. ಕೈಗಾರಿಕಾ ವಲಯದ ಪಕ್ಕದಲ್ಲಿ ಹಾದುಹೋಗುವಾಗ ಮೂಗಿಗೆ ಬಡಿಯುವುದು ಕಾರ್ಖಾನೆಯದೋ ಕಾರಿನದೋ ತಿಳಿಯುವುದಿಲ್ಲ. ತಳೋಜಾ, ತುರ್ಭೆ ಕಡೆ ಓಡಾಡುವವರಿಗೂ ಇದು ಗೊತ್ತು. ಕಿಟಕಿ ಏರಿಸಿ, ಹೊರಗಿನ ಗಾಳಿ ಬರುವ ದಾರಿ ಮುಚ್ಚುವ ಬಟನ್ ಒತ್ತಿ. ಮೆಲ್ಲಮೆಲ್ಲನೆ ವಾಸನೆ ಕರಗಿದರೆ ಹೊರಗಿನದು. ಅದೇ ವಾಸನೆ ಘರ್ಡಾ ಸರ್ಕಲ್ ದಾಟಿ ಮನೆಯ ಪಾರ್ಕಿಂಗ್‌ವರೆಗೂ ಬಂದರೆ ನಮ್ಮದೇ.

ಕೂಲೆಂಟಿನ ಸಿಹಿ ವಾಸನೆ ಬಂದರೆ ಬಾನೆಟ್ ತೆಗೆದು ಪೈಪಿನ ಕ್ಲಿಪ್ಪುಗಳ ಸುತ್ತ, ವಾಟರ್ ಪಂಪಿನ ಕೆಳಗೆ ಒಣಗಿ ಹೆಪ್ಪುಗಟ್ಟಿದ ಗುಲಾಬಿ ಅಥವಾ ಹಸಿರು ಪುಡಿ ಇದೆಯಾ ನೋಡಿ. ಮುಂದಿನ ಸೀಟಿನ ಕಾಲುಹಾಸು ಒದ್ದೆಯಾಗಿದ್ದರೆ ಬೆರಳಲ್ಲಿ ಉಜ್ಜಿ. ಎ.ಸಿ. ನೀರಾದರೆ ನೀರಿನ ಹಾಗೇ ಇರುತ್ತದೆ, ಕೂಲೆಂಟ್ ಅಂಟಂಟು. ಪೈಪು, ಕ್ಲಿಪ್ಪಾದರೆ ಸಾವಿರ ರೂಪಾಯಿ ದಾಟುವುದಿಲ್ಲ. ಉಷ್ಣತೆಯ ಮುಳ್ಳು ಏರಿದರೆ ನಿಂತುಬಿಡಿ, ಬಿಸಿಯಿದ್ದಾಗ ಮುಚ್ಚಳ ತೆಗೆಯಬೇಡಿ. “ಇನ್ನೇನು ಮನೆ ಬಂತು” ಎಂದು ಓಡಿಸುವ ಆ ಎರಡು ಕಿಲೋಮೀಟರಿನಷ್ಟು ದುಬಾರಿ ಪ್ರಯಾಣ ಬೇರೊಂದಿಲ್ಲ. ಟೋಯಿಂಗಿಗೆ ಎರಡು ಸಾವಿರ ಹೋದರೆ ಹೋಗಲಿ.

ಕ್ಲಚ್ಚಿನ ಸುಟ್ಟ ವಾಸನೆ ಗಾಯ್‌ಮುಖ್ ಏರಿನಲ್ಲಿ ಒಂದು ದಿನ ಬಂದು ಹೋದರೆ ಹೆದರಬೇಕಿಲ್ಲ. ಜಾಮಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲುವುದನ್ನು ಬಿಟ್ಟು ಹ್ಯಾಂಡ್ ಬ್ರೇಕ್ ಹಾಕಿದರೆ ಸಾಕು. ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಅರಚಿ ಕಾರು ಮಾತ್ರ ಓಡದಿದ್ದರೆ ಪ್ಲೇಟಿನ ಕಾಲ ಮುಗಿಯಿತು. ಇಲ್ಲಿ ಕೂಲಿಯ ಲೆಕ್ಕ ಮುಖ್ಯ. ಗೇರ್‌ಬಾಕ್ಸ್ ಇಳಿಸದೆ ಕ್ಲಚ್ ಸಿಗುವುದಿಲ್ಲ, ಆ ಕೂಲಿ ಒಮ್ಮೆಯಾದರೂ ಕೊಡಲೇಬೇಕು. ಪ್ಲೇಟ್ ಒಂದನ್ನೇ ಹಾಕಿಸಿ ಎರಡು ಸಾವಿರ ಉಳಿಸಿದರೆ, ಬೇರಿಂಗ್ ಕೈಕೊಟ್ಟಾಗ ಅದೇ ಕೂಲಿ ಮತ್ತೆ ತೆರಬೇಕು. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಬೇರೆ ಸಾಮಾನಿನಲ್ಲಿ ‘ಸೆಟ್ಟೇ ಹಾಕಿ’ ಅನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ, ಇದೊಂದರಲ್ಲಿ ಅವರೇ ಸರಿ.

ಕೊಳೆತ ಮೊಟ್ಟೆಯಂಥ ನಾತಕ್ಕೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುವುದು, ಸೈಲೆನ್ಸರ್ ಸಾಲಿನ ಕನ್ವರ್ಟರ್ ಹಾಳಾಗುವುದು ಕಾರಣವಿರಬಹುದು. ಆದರೆ ಠಾಣೆ ಜಿಲ್ಲೆಯಲ್ಲಿ ಸೆಡಾನ್ ಅಂದರೆ ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರ್ ಇರುವುದೇ ಹೆಚ್ಚು. ಅಂಥ ಕಾರಿನಲ್ಲಿ ಈ ನಾತ ಬಂದರೆ ಮೊದಲು ಗ್ಯಾಸ್ ಸೋರಿಕೆ ಎಂದೇ ತಿಳಿಯಿರಿ. ಗ್ಯಾಸಿಗೆ ವಾಸನೆ ಬೆರೆಸುವುದೇ ನಾವು ಎಚ್ಚರವಾಗಲಿ ಎಂದು. ಎಂಜಿನ್ ಆಫ್, ಎಲ್ಲರೂ ಹೊರಗೆ, ಬಾಗಿಲುಗಳು ತೆರೆದಿರಲಿ, ಕೈಗೆ ಸಿಗುವಂತಿದ್ದರೆ ಸಿಲಿಂಡರಿನ ವಾಲ್ವ್ ಬಂದ್. ಲೈಟು, ಮೊಬೈಲ್ ಕಾರಿನ ಒಳಗೆ ಬೇಡ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಕಡ್ಡಾಯ. ಗ್ಯಾಸ್ ಸೋರಿಕೆಯ ಕೆಲಸವನ್ನು ಮುಂದೂಡಬಾರದು. ಹಸಿ ಪೆಟ್ರೋಲ್ ವಾಸನೆಗೂ ಇದೇ ಮಾತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಎಥನಾಲ್ ಬೆರೆತ ಇ20 ಪೆಟ್ರೋಲೇ ಈಗ ಬಂಕುಗಳಲ್ಲಿ ಸಿಗುವುದು. ಅದಕ್ಕೆಂದೇ ತಯಾರಾಗದ ಹಳೇ ಕಾರಿದ್ದರೆ ಸರ್ವಿಸಿನಲ್ಲಿ ರಬ್ಬರ್ ಪೈಪುಗಳನ್ನು ನೋಡಿಸಿ.

ಎ.ಸಿ.ಯ ಮುಗ್ಗಲು ವಾಸನೆ, ಡ್ಯಾಶ್‌ಬೋರ್ಡಿನ ಕಿರಿಕಿರಿ, ಬಾಗಿಲಿನ ರಬ್ಬರ್ ಇವೆಲ್ಲ ಕೈಗಡದ ಪಟ್ಟಿ. ಬೋನಸ್ ಬಂದಾಗ ಮಾಡಿಸಿ. ಎ.ಸಿ. ಫಿಲ್ಟರ್ ಅಂತೂ ಗ್ಲವ್ ಬಾಕ್ಸ್ ತೆಗೆದು ನಾವೇ ಹಾಕಬಹುದು.

ದುಡ್ಡು ಎಲ್ಲಿಂದ? 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಐರೋಲಿ, ವಾಶಿ, ಮುಲುಂಡ್ ಸೇರಿ ಮುಂಬಯಿಯ ಐದೂ ಪ್ರವೇಶ ನಾಕಾಗಳಲ್ಲಿ ಲಘು ವಾಹನಗಳಿಗೆ ಟೋಲ್ ಮಾಫಿ ಆಯಿತು. ಒಂದು ಸಲಕ್ಕೆ 45 ರೂಪಾಯಿ ಇತ್ತು. ಆ ಉಳಿತಾಯ ಸಂಸಾರದಲ್ಲಿ ಕರಗಿಹೋಗದಂತೆ ತಿಂಗಳಿಗೆ ಸಾವಿರದೈನೂರು ಬೇರೆ ಖಾತೆಗೆ ಹೋಗುವ ಹಾಗೆ ಮಾಡಿದ್ದೇನೆ. ಬ್ಯಾಟರಿ, ಟೈರು, ಪ್ಯಾಡ್ ಎಲ್ಲ ಅದರಿಂದಲೇ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಆ ದರ ಇದೆಯಾ ನೋಡಿಕೊಳ್ಳಿ.

ಇನ್ನು ವಿಮೆ. ಸವೆತಕ್ಕೆ ವಿಮೆ ಇಲ್ಲ, ಅಪಘಾತಕ್ಕೆ ಇದೆ. ಹೊಂಡಕ್ಕೆ ಬಿದ್ದು ಆಯಿಲ್ ಸಂಪ್ ಒಡೆದರೆ ಕ್ಲೇಮ್ ಸಿಗುತ್ತದೆ. ಕೆಂಪು ದೀಪ ಹತ್ತಿದ ಮೇಲೂ ಓಡಿಸಿ ಎಂಜಿನ್ ಜಾಮ್ ಆದರೆ ಸಾಧಾರಣ ಪಾಲಿಸಿಯಲ್ಲಿ ಆ ಭಾಗ ಸಿಗುವುದಿಲ್ಲ. ನೀರಿನದೂ ಹಾಗೆಯೇ. 2005ರ ಜುಲೈ 26ರ ಮಳೆಯನ್ನು ಈ ಪಟ್ಟಣಗಳು ಮರೆತಿಲ್ಲ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಆ ಒಂದು ತಿರುವಿಗೇ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಉಲ್ಲಾಸ್ ನದಿಯ ಈ ಸೀಮೆಯಲ್ಲಿ ಇರಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸಣ್ಣ ಕ್ಲೇಮಿಗೆ ಮುಂಚೆ ಮಾತ್ರ ಪೆನ್ನು ಹಿಡಿಯಿರಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ 20, 25, 35, 45, 50 ಶೇಕಡಾ ಎಂದು ಏರುತ್ತದೆ. 50ರಲ್ಲಿದ್ದವರು ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಮುಂದಿನ ಐದು ವರ್ಷ ಕಳೆದುಕೊಳ್ಳುವುದು ಕ್ರಮವಾಗಿ 50, 30, 25, 15, 5. ಒಟ್ಟು 125 ಶೇಕಡಾ. ಸ್ವಂತ ವಾಹನದ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮುಂಚೆ ಎಂಟು ಸಾವಿರ ಇದ್ದರೆ ಸುಮಾರು ಹತ್ತು ಸಾವಿರ ರೂಪಾಯಿ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಅದಕ್ಕಿಂತ ತುಸು ಕಡಿಮೆ ಆದೀತು. 1500 ಸಿ.ಸಿ.ವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿ, ರಬ್ಬರ್–ಪ್ಲಾಸ್ಟಿಕ್ ಭಾಗಗಳ ಮೇಲಿನ 50 ಶೇಕಡಾ ಸವಕಳಿ ಬೇರೆ. ಬಾಗಿದ ಲೋವರ್ ಆರ್ಮಿಗೆ ಆರು ಸಾವಿರವಾದರೆ ನಾನು ಆ ಖಾತೆಯಿಂದಲೇ ಕೊಟ್ಟು ಬರುತ್ತೇನೆ. ಸಂಪ್, ರೇಡಿಯೇಟರ್, ಬಂಪರ್ ಎಲ್ಲ ಸೇರಿ ಮೂವತ್ತು ದಾಟಿದರೆ ಕಾರನ್ನು ಅಲ್ಲೇ ನಿಲ್ಲಿಸಿ, ಫೋಟೋ ತೆಗೆದು, ಬಿಚ್ಚುವ ಮೊದಲೇ ಸರ್ವೇಯರಿಗೆ ಫೋನ್ ಹೋಗುವಂತೆ ನೋಡಿಕೊಳ್ಳುತ್ತೇನೆ.